ನಮ್ಮ ಮೈಯಲ್ಲಿರೋ ಸ್ನಾಯುಗಳು ಹೆಂಗೆ ಕೆಲ್ಸ ಮಾಡ್ತವೆ: ಪದೇ ಪದೇ ಕೇಳೋ ಪ್ರಶ್ನೆಗಳು

ಮೈಸೂರಲ್ಲಿ ಫಿಸಿಯೋಥೆರಪಿ ಕೆಲ್ಸ ಮಾಡ್ತಾ ನಂಗೆ 14 ವರ್ಷ ಆಯ್ತು, ಊರು ಮಂಡ್ಯ ಹತ್ರ ಒಂದು ಹಳ್ಳಿ. ಮಂಡಿ ನೋವು ಸೊಂಟ ನೋವು ಅಂತ ಬರೋರು, ಜಿಮ್‌ಗೆ ಹೋಗೋ ಹುಡುಗ್ರು, ಕಬ್ಬು ಕಡಿಯೋರು, ಮನೇಲಿ ಅಜ್ಜಿ ಎದ್ದೇಳ್ತಿಲ್ಲ ಅಂತ ಫೋನ್ ಮಾಡೋರು, ಎಲ್ರೂ ಸುತ್ತಿ ಬಳಸಿ ಅವೇ ಪ್ರಶ್ನೆ ಕೇಳ್ತಾರೆ. ಒಂದೇ ಕಡೆ ಬರೆದಿಟ್ರೆ ಉಪಯೋಗ ಆಗುತ್ತೆ ಅಂತ ಕೂತು ಬರೀತಿದೀನಿ. ಸ್ನಾಯು ಹೆಂಗೆ ಕೆಲ್ಸ ಮಾಡುತ್ತೆ ಅಂತ ಒಂದ್ಸಲ ಅರ್ಥ ಆದ್ರೆ ಅರ್ಧ ಭಯ ಅಲ್ಲೇ ಹೋಗುತ್ತೆ, ಇದು ನಾನು ದಿನಾ ಕಣ್ಣಾರೆ ನೋಡೋದು.

ಪ್ರಶ್ನೆ: ಸ್ನಾಯು ಅಂದ್ರೆ ಏನು? ಮಾಂಸಖಂಡ ಬೇರೆ, ಸ್ನಾಯು ಬೇರೆನಾ?

ಎರಡೂ ಒಂದೇ. ಸ್ಕೂಲ್ ಪುಸ್ತಕದಲ್ಲಿ ಸ್ನಾಯು ಅಂತಾರೆ, ಮನೇಲಿ ಮಾಂಸಖಂಡ ಅಂತೀವಿ. ಗೊಂದಲ ಬರೋದು ಹಳೇ ಆಯುರ್ವೇದ ಓದಿದವರಿಗೆ, ಯಾಕಂದ್ರೆ ಸುಶ್ರುತ ಸಂಹಿತೆಯಲ್ಲಿ ಪೇಶಿ 500, ಸ್ನಾಯು 900 ಅಂತ ಬೇರೆ ಬೇರೆ ಲೆಕ್ಕ ಇದೆ. ಅಲ್ಲಿ ಪೇಶಿ ಅಂದ್ರೆ ನಾವು ಇವತ್ತು ಸ್ನಾಯು ಅಂತೀವಲ್ಲ ಅದು, ಅಲ್ಲಿನ ಸ್ನಾಯು ಅಂದ್ರೆ ಮೂಳೆ ಕೀಲು ಬಿಗಿದು ಕಟ್ಟೋ ದಾರದಂಥ ಪಟ್ಟಿಗಳು.

ಕಣ್ಣಲ್ಲೇ ನೋಡ್ಬೇಕು ಅಂದ್ರೆ ಮಟನ್ ನೆನಪಿಸ್ಕೊಳಿ. ಮೂಳೆ, ಕೊಬ್ಬು, ಲಿವರ್ ಎಲ್ಲಾ ಬಿಟ್ಟು ಉಳಿಯೋ ಕೆಂಪು ತುಂಡು ಪೂರ್ತಿ ಸ್ನಾಯುನೇ. ಚೆನ್ನಾಗಿ ಬೆಂದ ತುಂಡನ್ನ ಬೆರಳಲ್ಲಿ ಬಿಡಿಸಿದ್ರೆ ಎಳೆ ಎಳೆಯಾಗಿ ಬರುತ್ತೆ, ಒಂದ್ ಎಳೆ ಸೀಳಿದ್ರೆ ಅದರೊಳಗೆ ಇನ್ನೂ ಸಣ್ಣ ಎಳೆ, ಅದರೊಳಗೆ ಇನ್ನೂ ಸಣ್ಣದು. ನಮ್ಮ ತೊಡೆ, ತೋಳು ಎಲ್ಲಾ ಹಂಗೇ ಇರೋದು. ಅದೇ ಬೋಟಿ ತಗೊಳ್ಳಿ, ಎಷ್ಟ್ ಬೇಯ್ಸಿದ್ರೂ ಆ ಥರ ಎಳೆ ಬಿಡಲ್ಲ. ಕರುಳಿನ ಗೋಡೇಲಿರೋದೂ ಸ್ನಾಯುನೇ ಆದ್ರೆ ಬೇರೆ ಜಾತೀದು, ಮುಂದೆ ಹೇಳ್ತೀನಿ.

ಪ್ರಶ್ನೆ: ಒಟ್ಟು ಎಷ್ಟಿವೆ?

ಮೂಳೆ ಆಡ್ಸೋ ಸ್ನಾಯುಗಳೇ 600ಕ್ಕಿಂತ ಜಾಸ್ತಿ. ಮೈ ತೂಕದಲ್ಲಿ ಹೆಚ್ಚೂಕಮ್ಮಿ 40 ಪರ್ಸೆಂಟ್ ಇವೇ, ಹೆಂಗಸ್ರಲ್ಲಿ ಸ್ವಲ್ಪ ಕಮ್ಮಿ. ಎಲ್ಲಕ್ಕಿಂತ ದೊಡ್ಡದು ನಾವು ಕೂರೋ ಜಾಗದಲ್ಲಿರೋದು, ಮೆಟ್ಟಿಲು ಹತ್ಸೋದು ಅದೇ. ಎಲ್ಲಕ್ಕಿಂತ ಚಿಕ್ಕದು ಕಿವಿಯೊಳಗಿರೋ ಸ್ಟೆಪೀಡಿಯಸ್, ಒಂದ್ ಸೆಂಟಿಮೀಟರ್ ಕೂಡ ಇಲ್ಲ, ಜೋರು ಸದ್ದು ಬಂದಾಗ ಬಿಗಿಯಾಗಿ ಒಳಕಿವಿ ಕಾಪಾಡುತ್ತೆ. ಉದ್ದದ್ದು ಸಾರ್ಟೋರಿಯಸ್ ಅಂತ, ಸೊಂಟದ ಮುಂದಿನ ಮೂಳೆಯಿಂದ ಶುರುವಾಗಿ ತೊಡೆ ಮೇಲೆ ಓರೆಯಾಗಿ ಇಳಿದು ಮಂಡಿ ಒಳಭಾಗಕ್ಕೆ ಸೇರುತ್ತೆ. ಆ ಹೆಸರು ಬಂದಿರೋದು ಲ್ಯಾಟಿನ್‌ನಲ್ಲಿ ದರ್ಜಿ ಅನ್ನೋ ಪದದಿಂದ, ದರ್ಜಿಗಳು ಕೂರ್ತಿದ್ದಂಗೆ ಚಕ್ಕಳಮಕ್ಕಳ ಹಾಕೋಕೆ ಈ ಸ್ನಾಯು ಬೇಕು. ಅಂದ್ರೆ ನೆಲದ ಮೇಲೆ ಊಟಕ್ಕೆ ಕೂತಾಗೆಲ್ಲ ಇದಕ್ಕೆ ಕೆಲ್ಸ ಕೊಡ್ತಿದೀವಿ.

ಪ್ರಶ್ನೆ: ಹೃದಯನೂ ಸ್ನಾಯುನಾ? ಅದಕ್ಯಾಕೆ ಸುಸ್ತಾಗಲ್ಲ?

ಹೌದು. ಸ್ನಾಯುಲಿ ಮೂರು ಜಾತಿ. ನಾವು ಹೇಳ್ದಂಗೆ ಕೇಳೋ ಮೂಳೆ ಸ್ನಾಯು ಒಂದು, ಕರುಳು ರಕ್ತನಾಳ ಗರ್ಭಕೋಶ ಇಲ್ಲೆಲ್ಲ ಇರೋ ನಮ್ಮನ್ನ ಕೇಳದೆ ತಾನೇ ನಿಧಾನಕ್ಕೆ ಕೆಲ್ಸ ಮಾಡೋ ನಯ ಸ್ನಾಯು ಇನ್ನೊಂದು (ಬೋಟಿಲಿರೋದು ಇದೇ), ಮೂರನೇದು ಹೃದಯದ್ದು, ಅದು ಬೇರೆಲ್ಲೂ ಇಲ್ಲ.

ನಿಮಿಷಕ್ಕೆ 72 ಸಲ ಅಂತ ಹಿಡಿದ್ರೆ ದಿನಕ್ಕೆ ಒಂದ್ ಲಕ್ಷದ ಮೇಲೆ ಬಡಿತ ಆಗುತ್ತೆ. ಸುಸ್ತಾಗ್ದೇ ಇರೋಕೆ ಕಾರಣ ಎರಡು. ಅದರ ಜೀವಕೋಶದಲ್ಲಿ ಮೂರನೇ ಒಂದು ಭಾಗದಷ್ಟು ಜಾಗ ಬರೀ ಮೈಟೋಕಾಂಡ್ರಿಯಾನೇ ತುಂಬ್ಕೊಂಡಿದೆ, ಅಂದ್ರೆ ಶಕ್ತಿ ತಯಾರು ಮಾಡೋ ಒಲೆಗಳು ಆರೋದೇ ಇಲ್ಲ. ಇನ್ನೊಂದು, ಪ್ರತಿ ಬಡಿತದ ಮಧ್ಯ ಅದು ರೆಸ್ಟ್ ತಗೊಳುತ್ತೆ. 0.8 ಸೆಕೆಂಡಲ್ಲಿ ಬಿಗಿಯಾಗಿರೋದು 0.3 ಸೆಕೆಂಡ್ ಅಷ್ಟೇ, ಉಳಿದಿದ್ದು ಸಡಿಲ.

ಪ್ರಶ್ನೆ: ಸ್ನಾಯು ಬಿಗಿಯಾಗುತ್ತೆ ಅಂತೀರಲ್ಲ, ಒಳಗೆ ನಿಜವಾಗ್ಲೂ ಏನಾಗುತ್ತೆ?

ಇದು ನಂಗೆ ತುಂಬಾ ಇಷ್ಟದ ಪ್ರಶ್ನೆ, ಸ್ವಲ್ಪ ಉದ್ದ ಹೇಳ್ತೀನಿ.

ರಾಟೆ ಇಲ್ದೇ ಇರೋ ಬಾವೀಲಿ ನೀರು ಸೇದಿದ್ರೆ ಗೊತ್ತಿರುತ್ತೆ, ಹಗ್ಗ ಹಿಡಿ, ಎಳಿ, ಕೈ ಬಿಡು, ಮುಂದಕ್ಕೆ ಹಿಡಿ, ಮತ್ತೆ ಎಳಿ. ಕೈ ಉದ್ದ ಆಗಲ್ಲ, ಹಗ್ಗನೂ ಕುಗ್ಗಲ್ಲ, ಆದ್ರೂ ಬಿಂದಿಗೆ ಮೇಲಕ್ಕೆ ಬರುತ್ತೆ. ಸ್ನಾಯು ಎಳೆಯೊಳಗೆ ಆಗೋದೂ ಇದೇನೇ. ಅಲ್ಲಿ ಆಕ್ಟಿನ್ ಅನ್ನೋ ತೆಳು ಎಳೆ ಹಗ್ಗ ಇದ್ದಂಗೆ, ಮಯೋಸಿನ್ ಅನ್ನೋ ದಪ್ಪ ಎಳೆಗೆ ನೂರಾರು ಪುಟ್ಟ ಕೈ. ಆ ಕೈಗಳು ಆಕ್ಟಿನ್ ಹಿಡಿದು ಎಳೀತವೆ, ಬಿಡ್ತವೆ, ಮುಂದಕ್ಕೆ ಹಿಡೀತವೆ. ಒಂದೆಳೆತಕ್ಕೆ ಸರಿಯೋದು ಒಂದ್ ಮಿಲಿಮೀಟರ್‌ನ ಲಕ್ಷದಲ್ಲಿ ಒಂದು ಪಾಲಿನಷ್ಟು, ಆದ್ರೆ ಕೋಟಿಗಟ್ಲೆ ಕೈ ಒಟ್ಟಿಗೆ ಎಳೆಯೋದ್ರಿಂದ ತೂಕದ ಮೂಟೆನೂ ಮೇಲೇಳುತ್ತೆ. ಎಳೆಗಳು ಕುಗ್ಗಲ್ಲ, ಒಂದರ ಪಕ್ಕ ಒಂದು ಜಾರ್ತವೆ ಅಂತ 1954ರಲ್ಲಿ ನೇಚರ್ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಗುಂಪಿನೋರು ಬೇರೆ ಬೇರೆಯಾಗಿ ಬರೆದ್ರು. ಒಂದ್ರಲ್ಲಿ ಆಂಡ್ರ್ಯೂ ಹಕ್ಸ್‌ಲಿ ಮತ್ತೆ ನೀಡರ್‌ಗರ್ಕೆ, ಇನ್ನೊಂದ್ರಲ್ಲಿ ಹ್ಯೂ ಹಕ್ಸ್‌ಲಿ ಮತ್ತೆ ಜೀನ್ ಹ್ಯಾನ್ಸನ್. ಇಬ್ರು ಹಕ್ಸ್‌ಲಿಗಳಿಗೂ ನೆಂಟಸ್ತನ ಏನಿಲ್ಲ.

ಎಳೀರಿ ಅಂತ ಹೇಳೋರ್ಯಾರು ಅಂದ್ರೆ ನರ. ಮೆದುಳಿಂದ ಹೊರಟ ಸಿಗ್ನಲ್ ಬೆನ್ನುಹುರಿ ದಾಟಿ ನರದ ತುದೀಗೆ ಬಂದಾಗ ಅಲ್ಲಿ ಅಸಿಟೈಲ್‌ಕೋಲಿನ್ ಅನ್ನೋ ರಾಸಾಯನಿಕ ಚೆಲ್ಲುತ್ತೆ, ಅದರಿಂದ ಸ್ನಾಯು ಎಳೆಯೊಳಗೆ ಚೀಲದಲ್ಲಿ ತುಂಬಿಟ್ಟಿದ್ದ ಕ್ಯಾಲ್ಸಿಯಂ ಹೊರಗೆ ಬರುತ್ತೆ, ಆಗ ಆಕ್ಟಿನ್ ಮೇಲಿನ ಮುಚ್ಚಳ ಸರಿದು ಕೈಗಳಿಗೆ ಹಿಡಿಯೋ ಜಾಗ ಸಿಗುತ್ತೆ. ಕ್ಯಾಲ್ಸಿಯಂ ವಾಪಸ್ ಚೀಲಕ್ಕೆ ಹೋದ್ರೆ ಸ್ನಾಯು ಸಡಿಲ.

ಇನ್ನೊಂದು ವಿಷ್ಯ ತುಂಬಾ ಜನಕ್ಕೆ ಗೊತ್ತಿರಲ್ಲ. ಹಿಡಿದ ಕೈ ಬಿಡೋಕೂ ಶಕ್ತಿ ಬೇಕು, ಜೀವಕೋಶಕ್ಕೆ ಶಕ್ತಿ ಕೊಡೋ ಎಟಿಪಿ ಅನ್ನೋ ರಾಸಾಯನಿಕ ಬಂದು ಕೂತ್ರೇನೇ ಮಯೋಸಿನ್ ಹಿಡಿತ ಬಿಡೋದು. ಉಸಿರು ನಿಂತ ಕೆಲವು ಗಂಟೆಗೆ ಹೆಣ ಸೆಟೆದುಕೊಳ್ಳೋದು ಇದಕ್ಕೇ, ಎಟಿಪಿ ಖಾಲಿಯಾಗಿ ಕೈಗಳು ಹಿಡಿದಲ್ಲೇ ಉಳಿದುಬಿಡ್ತವೆ. ಅಜ್ಜ ತೀರ್ಕೊಂಡಾಗ ದೊಡ್ಡೋರು ಬೇಗ ಬೇಗ ಕೈಕಾಲು ನೆಟ್ಟಗೆ ಮಾಡಿ ಕಣ್ಣು ಮುಚ್ಚಿಸಿದ್ದು ಯಾಕೆ ಅಂತ ನಂಗೆ ಅರ್ಥ ಆಗಿದ್ದು ಕಾಲೇಜಲ್ಲಿ ಈ ಪಾಠ ಕೇಳಿದ ದಿನ.

ಪ್ರಶ್ನೆ: ತಳ್ಳೋ ಸ್ನಾಯು ಯಾವ್ದು, ಎಳೆಯೋ ಸ್ನಾಯು ಯಾವ್ದು?

ತಳ್ಳೋ ಸ್ನಾಯು ಅಂತ ಒಂದೂ ಇಲ್ಲ. ಎಲ್ಲಾ ಎಳೆಯೋದೇ. ಗರಡೀಲಿ ದಂಡ ಹೊಡೀವಾಗ ನೆಲ ತಳ್ತಿದೀವಿ ಅನ್ಸುತ್ತೆ, ಆದ್ರೆ ತೋಳಿನ ಹಿಂಭಾಗದ ಸ್ನಾಯು ಮೊಣಕೈ ಮೂಳೇನ ಹಿಂದಿಂದ ಎಳೆಯೋದ್ರಿಂದ ಕೈ ನೆಟ್ಟಗಾಗುತ್ತೆ ಅಷ್ಟೇ. ಮಡಚೋಕೆ ಮುಂದಿನದು, ಬಿಡಿಸೋಕೆ ಹಿಂದಿನದು, ಹಿಂಗೆ ಜೋಡಿ ಜೋಡಿಯಾಗಿ ಇರ್ತವೆ.

ಒಂದ್ ಸಣ್ಣ ಪರೀಕ್ಷೆ ಮಾಡಿ, ಈಗ್ಲೇ ಮಾಡಿ. ಬಲಗೈಲಿ ನೀರು ತುಂಬಿದ ಚೊಂಬು ಹಿಡ್ಕೊಂಡು ಎಡಗೈನ ಬಲತೋಳಿನ ಮುಂಭಾಗದ ಮೇಲಿಡಿ. ಚೊಂಬು ಎತ್ತಿದಾಗ ಉಬ್ಬಿ ಗಟ್ಟಿಯಾಗುತ್ತೆ, ಅದು ಎಲ್ರಿಗೂ ಗೊತ್ತು. ಈಗ ನಿಧಾನಕ್ಕೆ, ತುಂಬಾ ನಿಧಾನಕ್ಕೆ ಕೆಳಗಿಳಿಸಿ. ಇನ್ನೂ ಗಟ್ಟಿಯಾಗೇ ಇದೆ ಅಲ್ವಾ? ಸ್ನಾಯು ಉದ್ದ ಆಗ್ತಿದ್ರೂ ಹಿಡಿತ ಬಿಟ್ಟಿಲ್ಲ, ಬಾವಿ ಹಗ್ಗಾನ ಸ್ವಲ್ಪ ಸ್ವಲ್ಪವೇ ಬಿಡ್ತಾ ಬಿಂದಿಗೆ ಇಳಿಸ್ದಂಗೆ. ಈ ಇಳಿಸೋ ಕೆಲ್ಸ ನೆನಪಿಟ್ಕೊಳಿ, ಮುಂದಿನ ಪ್ರಶ್ನೆಗೆ ಉತ್ತರ ಇದ್ರಲ್ಲೇ ಇದೆ.

ಪ್ರಶ್ನೆ: ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟ ಮೆಟ್ಟಿಲಲ್ಲಿ ಹತ್ತಿ ಇಳಿದೆ, ಅವತ್ತು ಏನೂ ಆಗ್ಲಿಲ್ಲ, ಭಾನುವಾರ ಬೆಳಿಗ್ಗೆ ಏಳೋಕಾಗ್ತಿಲ್ಲ. ಲ್ಯಾಕ್ಟಿಕ್ ಆಸಿಡ್ ಕಟ್ಕೊಂಡಿದ್ಯಾ?

ಆಷಾಢ ಬಂದ್ರೆ ಭಾನುವಾರ ನಂಗೆ ಇದೇ ಫೋನು. ಲ್ಯಾಕ್ಟಿಕ್ ಆಸಿಡ್ ಅಲ್ಲವೇ ಅಲ್ಲ. ಏದುಸಿರು ಬರೋ ಕೆಲ್ಸ ಮಾಡ್ದಾಗ ಲ್ಯಾಕ್ಟೇಟ್ (ಮೈಯೊಳಗೆ ಲ್ಯಾಕ್ಟಿಕ್ ಆಸಿಡ್ ಇರೋ ರೂಪ) ಹೆಚ್ಚಾಗೋದು ನಿಜ, ಆದ್ರೆ ಕೆಲ್ಸ ನಿಲ್ಸಿ ಒಂದ್ ಗಂಟೆ ಆಗೋಷ್ಟ್ರಲ್ಲಿ ಹೆಚ್ಚೂಕಮ್ಮಿ ಮೊದಲಿನ ಮಟ್ಟಕ್ಕೆ ಬಂದಿರುತ್ತೆ, ಲಿವರ್ ಅದನ್ನ ಮತ್ತೆ ಗ್ಲೂಕೋಸ್ ಮಾಡುತ್ತೆ, ಹೃದಯ ಅದನ್ನೇ ಉರಿಸಿ ಬಡಿಯುತ್ತೆ. ಶುಕ್ರವಾರದ ಲ್ಯಾಕ್ಟೇಟ್ ಭಾನುವಾರಕ್ಕೆ ಉಳಿದಿರೋಕೆ ಸಾಧ್ಯನೇ ಇಲ್ಲ.

ನೋವು ಕೊಟ್ಟಿದ್ದು ಇಳಿದಿದ್ದು. ಹತ್ತುವಾಗ ಏದುಸಿರು ಬಂತು, ಬೆವರು ಬಂತು, ಅದಕ್ಕೆ ಹತ್ತಿದ್ದೇ ಕಷ್ಟದ್ದು ಅನ್ಸುತ್ತೆ, ಇಳಿಯುವಾಗ ಮಾತಾಡ್ಕೊಂಡು ಆರಾಮಾಗಿ ಬಂದ್ವಿ ಅನ್ಸುತ್ತೆ. ಆದ್ರೆ ಇಳಿಯೋ ಪ್ರತಿ ಮೆಟ್ಟಿಲಲ್ಲೂ ತೊಡೆ ಮುಂಭಾಗದ ಸ್ನಾಯು ಮೈ ಭಾರ ಪೂರ್ತಿ ಹಿಡ್ಕೊಂಡು, ಉದ್ದ ಆಗ್ತಾ, ಹಿಡಿತ ಬಿಡ್ದೆ ಕೆಳಗಿಳಿಸಿರುತ್ತೆ. ಸಾವಿರ ಮೆಟ್ಟಿಲು ಅಂದ್ರೆ ಸಾವಿರ ಸಲ ಅದೇ ಚೊಂಬು ಇಳಿಸೋ ಕೆಲ್ಸ, ಚೊಂಬಿನ ಬದ್ಲು ನಿಮ್ಮ 60–70 ಕೆಜಿ. ಅಭ್ಯಾಸ ಇಲ್ದೇ ಇರೋ ಸ್ನಾಯುಲಿ ಆಗ ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ಹರುಕು ಆಗುತ್ತೆ, ಅದನ್ನ ರಿಪೇರಿ ಮಾಡೋಕೆ ಮೈ ಶುರು ಮಾಡ್ದಾಗ ಊತ, ನೋವು. ಮಾರನೇ ದಿನದಿಂದ ಮೂರನೇ ದಿನದವರೆಗೆ ಜೋರಾಗಿದ್ದು ಒಂದ್ ವಾರದೊಳಗೆ ತಾನೇ ಹೋಗುತ್ತೆ. ಪೂರ್ತಿ ಮಲಗ್ಬಿಡೋದು ಬೇಡ, ಮೆತ್ತಗೆ ಓಡಾಡಿ, ಬಿಸಿನೀರು ಹಾಕೊಳ್ಳಿ, ಎಣ್ಣೆ ಹಚ್ಚಿ ಹಗುರಕ್ಕೆ ನೀವಿಸಿಕೊಳ್ಳಿ. ಜೋರಾಗಿ ತುಳಿಸ್ಕೊಳ್ಳೋದು ಮಾತ್ರ ಬೇಡ್ವೇ ಬೇಡ.

ಪ್ರಶ್ನೆ: ರಾತ್ರಿ ಮಲಗಿದ್ದಾಗ ಮೀನಖಂಡದಲ್ಲಿ ನರ ಹಿಡ್ಕೊಳುತ್ತೆ, ನರದ ಮೇಲೆ ನರ ಹತ್ತಿದೆ ಅಂತಾರೆ, ನಿಜನಾ?

ನರದ ಮೇಲೆ ನರ ಹತ್ತಲ್ಲ. ಹಿಡ್ಕೊಂಡಿರೋದು ಸ್ನಾಯು, ಕೈಗೆ ಸಿಗೋ ಆ ಗಂಟು ಬಿಗಿದ ಸ್ನಾಯುನೇ. ಆದ್ರೆ ಮಾತಲ್ಲಿ ಸ್ವಲ್ಪ ನಿಜ ಇದೆ, ಬಿಗಿ ಬಿಗಿ ಅಂತ ಒಂದೇ ಸಮ ಸಿಗ್ನಲ್ ಕಳಿಸ್ತಿರೋದು ನರ. ಮಲಗಿದಾಗ ಪಾದ ಕೆಳಗೆ ಚಾಚ್ಕೊಂಡಿರುತ್ತೆ, ಮೀನಖಂಡ ಆಗ್ಲೇ ಗಿಡ್ಡ ಆಗಿರುತ್ತೆ, ಅದ್ರ ಮೇಲೆ ಇನ್ನಷ್ಟು ಬಿಗಿದ್ರೆ ಜೀವ ಹೋದಂಗಾಗುತ್ತೆ. ತಕ್ಷಣ ಮಾಡ್ಬೇಕಾಗಿದ್ದು ಒಂದೇ, ಮಂಡಿ ನೆಟ್ಟಗಿಟ್ಟು ಕಾಲಿನ ಬೆರಳುಗಳನ್ನ ಮುಖದ ಕಡೆ ಎಳ್ಕೊಳ್ಳಿ, ಇಲ್ಲ ಎದ್ದು ಹಿಮ್ಮಡಿ ನೆಲಕ್ಕೊತ್ತಿ ನಿಂತ್ಕೊಳ್ಳಿ. ಸ್ನಾಯು ಉದ್ದ ಎಳೆದ ಕೂಡ್ಲೇ ಬಿಡುತ್ತೆ.

ಬಸುರಿಯರಿಗೆ, ದಿನವಿಡೀ ನಿಂತು ಕೆಲ್ಸ ಮಾಡೋರಿಗೆ, ನೀರು ಹೋಗೋ ಮಾತ್ರೆ ತಗೊಳ್ಳೋ ಬಿಪಿ ಪೇಷಂಟ್‌ಗಳಿಗೆ, ಡಯಾಲಿಸಿಸ್ ಮಾಡಿಸ್ಕೊಳ್ಳೋರಿಗೆ ಇದು ಜಾಸ್ತಿ. ಪದೇ ಪದೇ ಬಂದ್ರೆ ತಗೊಳ್ತಿರೋ ಮಾತ್ರೆ ಚೀಟಿ ಹಿಡ್ಕೊಂಡು ಡಾಕ್ಟ್ರನ್ನ ಕೇಳಿ, ನೀವೇ ಮಾತ್ರೆ ನಿಲ್ಲಿಸ್ಬೇಡಿ.

ಪ್ರಶ್ನೆ: ಜೋಮು ಹಿಡಿಯೋದು?

ಅದು ಸ್ನಾಯುದಲ್ಲ, ಒಂದೇ ಭಂಗೀಲಿ ಕೂತು ನರ ಒತ್ತಿರೋದು. ಎದ್ದು ಕಾಲು ಬಿಡಿಸಿದ್ರೆ ಹೋಗುತ್ತೆ. ಕಾರಣ ಇಲ್ದೇ ದಿನಾ ಬರ್ತಿದ್ರೆ ಶುಗರ್ ಮತ್ತೆ ಬಿ12 ಚೆಕ್ ಮಾಡ್ಸಿ.

ಪ್ರಶ್ನೆ: ಚಳೀಲಿ ನಡುಗೋದ್ಯಾಕೆ?

ಸ್ನಾಯು ತಿನ್ನೋ ಶಕ್ತೀಲಿ ನಾಲ್ಕರಲ್ಲಿ ಒಂದು ಪಾಲು ಮಾತ್ರ ಕೆಲ್ಸ ಆಗೋದು, ಉಳಿದಿದ್ದೆಲ್ಲ ಬಿಸಿಯಾಗಿ ಹೋಗುತ್ತೆ. ಮೈಗೆ ಬಿಸಿ ಬೇಕಾದಾಗ ಮೆದುಳು ಸ್ನಾಯುಗಳನ್ನ ಸುಮ್ನೆ ಅಲುಗಾಡ್ಸುತ್ತೆ, ಅದೇ ನಡುಕ. ಜ್ವರ ಏರುವಾಗ ಆಗೋದೂ ಇದೇ.

ಪ್ರಶ್ನೆ: ಜಿಮ್‌ನಲ್ಲಿ ತೋಳು ಬೆಳೆಸಿದ ಹುಡುಗನಿಗಿಂತ ಸಣಕಲು ಕಬ್ಬು ಕಡಿಯೋನಿಗೆ ಶಕ್ತಿ ಹೆಂಗೆ ಜಾಸ್ತಿ ಇರುತ್ತೆ?

ನಮ್ಮೂರ ಕಡೆ ಕಟಾವು ಟೈಮಲ್ಲಿ ನೋಡಿ, ತೆಳ್ಳಗಿರೋ ಆಳು ಕಬ್ಬಿನ ಹೊರೆ ತಲೆ ಮೇಲಿಟ್ಕೊಂಡು ಹಲಗೆ ಮೇಲೆ ಹತ್ತಿ ಲಾರಿಗೆ ಹಾಕ್ತಾನೆ, ಇಳೀತಾನೆ, ಮತ್ತೆ ಹತ್ತುತಾನೆ, ಬೆಳಿಗ್ಗೆಯಿಂದ ಸಂಜೆವರ್ಗೂ. ಗಾತ್ರ ಒಂದೇ ಶಕ್ತಿ ಅಲ್ಲ. ಒಂದು ನರಕ್ಕೆ ಒಂದಷ್ಟು ಎಳೆಗಳು ಅಂತ ಗುಂಪು ಇರುತ್ತೆ, ಕಣ್ಣು ಆಡ್ಸೋ ಸ್ನಾಯುಲಿ ಒಂದ್ ನರಕ್ಕೆ ಹತ್ತರ ಆಸುಪಾಸು ಎಳೆ, ತೊಡೇಲಿ ಸಾವಿರ ದಾಟುತ್ತೆ. ಅಭ್ಯಾಸ ಇಲ್ದೋರು ಭಾರ ಎತ್ತುವಾಗ ಮೆದುಳು ಎಲ್ಲಾ ಗುಂಪನ್ನೂ ಸರಿಯಾಗಿ ಕರೆಯಲ್ಲ. ಹೊಸದಾಗಿ ಗರಡಿಗೋ ಜಿಮ್‌ಗೋ ಸೇರಿದೋರಿಗೆ ಮೊದಲ ಕೆಲವು ವಾರ ತೋಳು ದಪ್ಪ ಆಗ್ದೇನೇ ಶಕ್ತಿ ಜಾಸ್ತಿ ಆಗೋದು ಇದಕ್ಕೇ, ಮೊದಲು ಪಳಗೋದು ನರ, ದಪ್ಪ ಆಗೋದು ಆಮೇಲೆ.

ಜೊತೆಗೆ ಎಳೆಗಳಲ್ಲೂ ಎರಡು ಸ್ವಭಾವ. ನಿಧಾನದ ಎಳೆ ಆಕ್ಸಿಜನ್ ಬಳಸ್ಕೊಂಡು ಗಂಟೆಗಟ್ಲೆ ದುಡಿಯುತ್ತೆ, ವೇಗದ ಎಳೆ ಜೋರಾಗಿ ಎಳೆದು ಬೇಗ ಸೋಲುತ್ತೆ. ದಸರಾ ಕುಸ್ತೀಲಿ ಎದುರಾಳೀನ ಒಂದೇ ಏಟಿಗೆ ಎತ್ತಿ ಮಣ್ಣಿಗೆ ಕೆಡವೋದು ವೇಗದ್ದು, ದಿನವಿಡೀ ಕಬ್ಬು ಕಡಿಯೋದು ನಿಧಾನದ್ದು. ಹುಟ್ಟಿಂದ ಬಂದಿರೋ ಪಾಲು ಬೇರೆ ಬೇರೆ ಇದ್ರೂ, ಯಾವ ಕೆಲ್ಸ ದಿನಾ ಕೊಡ್ತೀರೋ ಅದಕ್ಕೆ ಸ್ನಾಯು ಒಗ್ಗುತ್ತೆ.

ಪ್ರಶ್ನೆ: ಜಿಮ್ ಬಿಟ್ರೆ ಸ್ನಾಯು ಎಲ್ಲಾ ಕೊಬ್ಬಾಗುತ್ತಾ?

ಇಲ್ಲ. ಅವೆರಡೂ ಬೇರೆ ಬೇರೆ ಜೀವಕೋಶ, ಒಂದು ಇನ್ನೊಂದಾಗಲ್ಲ. ಸ್ನಾಯು ಸಣ್ಣ ಆಗುತ್ತೆ, ಊಟ ಮೊದಲಿನಷ್ಟೇ ಮಾಡ್ತಿದ್ರೆ ಕೊಬ್ಬು ಬೇರೆಯಾಗಿ ಸೇರ್ಕೊಳುತ್ತೆ.

ಪ್ರಶ್ನೆ: ಮುದ್ದೆ ತಿಂದ್ರೆ ಸಾಕಾ, ಪ್ರೋಟೀನ್ ಪೌಡರ್ ಬೇಕಾ?

ಮುದ್ದೆ ಬಗ್ಗೆ ನಂಗೂ ಅಭಿಮಾನ ಇದೆ, ಆದ್ರೆ ಲೆಕ್ಕ ಸರಿಯಾಗಿ ಹೇಳ್ಬೇಕು. ರಾಗೀಲಿ ಕ್ಯಾಲ್ಸಿಯಂ ಭರ್ಜರಿ ಇದೆ, 100 ಗ್ರಾಂಗೆ 350 ಮಿಲಿಗ್ರಾಂ ಆಸುಪಾಸು, ಪ್ರೋಟೀನ್ ಮಾತ್ರ 7 ಗ್ರಾಂ. ದೊಡ್ಡೋರಿಗೆ ಮೈ ತೂಕದ ಕೆಜಿಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುತ್ತೆ, 60 ಕೆಜಿ ಇದ್ರೆ 50 ಗ್ರಾಂ. ಬರೀ ಮುದ್ದೆಯಿಂದ ಅಷ್ಟು ಬರಲ್ಲ. ಬರೋದು ಅದ್ರ ಪಕ್ಕ ಇರೋ ಸಾರಿಂದ. ಹುರುಳಿ 100 ಗ್ರಾಂಗೆ 22 ಗ್ರಾಂ ಹತ್ರ, ತೊಗರಿಬೇಳೆನೂ ಅಷ್ಟೇ, ಒಂದ್ ಮೊಟ್ಟೆ 6 ಗ್ರಾಂ. ಆದ್ರೆ ಬಸ್ಸಾರಲ್ಲಿ ಬಸಿದ ಕಟ್ಟು ಮಾತ್ರ ಹಾಕೊಂಡು ಕಾಳು ಪಲ್ಯನ ಮಕ್ಕಳಿಗೆ, ಗಂಡಸ್ರಿಗೆ ಬಿಟ್ಟು, ಕೊನೇಲಿ ಉಳಿದಿದ್ದನ್ನ ಹೆಂಗಸ್ರು ತಿಂತಾರಲ್ಲ, ಅದು ನಂಗೆ ತುಂಬಾ ಬೇಜಾರಾಗೋ ವಿಷ್ಯ. ಪ್ರೋಟೀನ್ ಇರೋದು ಕಾಳಲ್ಲಿ, ದಯವಿಟ್ಟು ಕಾಳು ಹಾಕೊಂಡು ತಿನ್ನಿ. ಊಟದಲ್ಲೇ ಲೆಕ್ಕ ಸರಿಹೋದ್ರೆ ಪೌಡರ್ ಬೇಕಿಲ್ಲ. ಕಿಡ್ನಿ ತೊಂದ್ರೆ ಇರೋರು ಡಾಕ್ಟ್ರು ಹೇಳ್ದಷ್ಟೇ ತಿನ್ಬೇಕು.

ಪ್ರಶ್ನೆ: ಅಮ್ಮನಿಗೆ 70 ದಾಟಿದೆ, ನೆಲದಿಂದ ಏಳೋಕಾಗಲ್ಲ. ಈ ವಯಸ್ಸಲ್ಲಿ ಸ್ನಾಯು ಬೆಳೆಯುತ್ತಾ? ರೆಸ್ಟ್ ಕೊಡ್ಸೋದೇ ಒಳ್ಳೇದಲ್ವಾ?

ಬೆಳೆಯುತ್ತೆ. ಇದನ್ನ ನಾನು ಜೋರಾಗಿ ಹೇಳ್ತೀನಿ.

ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ 3ರಿಂದ 8 ಪರ್ಸೆಂಟ್ ಸ್ನಾಯು ಕರಗ್ತಾ ಹೋಗುತ್ತೆ, ಅರವತ್ತಾದ್ಮೇಲೆ ಇನ್ನೂ ಜೋರು. ಮಲಗಿಸ್ಬಿಟ್ರೆ ಅಂತೂ ಕೇಳೋದೇ ಬೇಡ. ಆರೋಗ್ಯವಾಗಿದ್ದ ವಯಸ್ಸಾದವರನ್ನ 10 ದಿನ ಹಾಸಿಗೇಲೇ ಇಟ್ಟು ನೋಡಿದ ಒಂದು ಅಧ್ಯಯನ 2007ರಲ್ಲಿ ಬಂತು, ಅಷ್ಟ್ರಲ್ಲೇ ಕಾಲಿಂದ ಹತ್ರತ್ರ ಒಂದ್ ಕೆಜಿ ಹೋಗಿತ್ತು. ಅದೇ 1990ರಲ್ಲಿ ಬಾಸ್ಟನ್‌ನಲ್ಲಿ ವೃದ್ಧಾಶ್ರಮದಲ್ಲಿದ್ದ 90ರ ಆಸುಪಾಸಿನವರಿಗೆ 8 ವಾರ ಕಾಲಿಗೆ ಭಾರ ಎತ್ತೋ ಅಭ್ಯಾಸ ಕೊಟ್ಟಾಗ ಕಾಲಿನ ಶಕ್ತಿ ಎರಡು ಪಟ್ಟಿಗಿಂತ ಜಾಸ್ತಿ ಆಯ್ತು. ತೊಂಬತ್ತರಲ್ಲಿ!

ನಮ್ಮವ್ವನಿಗೆ 71ರಲ್ಲಿ ಜ್ವರ ಬಂದು ಒಂದ್ ತಿಂಗ್ಳು ಮಂಚ ಹಿಡಿದಿದ್ಲು. ನೆಂಟ್ರೆಲ್ಲ ಬಂದು ಕೂತ್ಕೊಳವ್ವ, ಏಳ್ಬೇಡ ಅಂತ ಪ್ರೀತಿಯಿಂದಲೇ ಹೇಳಿ ಹೋದ್ರು. ಜ್ವರ ವಾಸಿಯಾಯ್ತು, ಏಳೋಕೆ ಮಾತ್ರ ಆಗ್ಲಿಲ್ಲ. "ವಯಸ್ಸಾಯ್ತು ಕನ ಮಗ, ಇನ್ನೇನ್ ಎದ್ದೇಳಾದು" ಅಂದ್ಲು. ಎತ್ತರದ ಮಂಚದ ಅಂಚಲ್ಲಿ ಕೂರಿಸಿ, ನನ್ನ ಎರಡೂ ಕೈ ಹಿಡ್ಕೊಂಡು ಏಳೋದು ಕೂರೋದು ಶುರು ಮಾಡಿದ್ವಿ, ಮೊದಲ ದಿನ ಮೂರು ಸಲಕ್ಕೇ ತೊಡೆ ಗಡಗಡ ನಡುಗ್ತು. ಕೂರೋದನ್ನ ನಿಧಾನಕ್ಕೆ ಮಾಡು ಅಂತ ಹೇಳ್ತಿದ್ದೆ, ದೊಪ್ ಅಂತ ಕೂತ್ರೆ ಅರ್ಧ ಕೆಲ್ಸ ವ್ಯರ್ಥ. ಎರಡನೇ ವಾರ ಕೈ ಬಿಟ್ಟು ಐದು, ಆಮೇಲೆ ಕುರ್ಚಿ, ಆಮೇಲೆ ಗಿಡ್ಡ ಸ್ಟೂಲು, ಜೊತೆಗೆ ದಿನಾ ಹುರುಳಿಕಾಳು, ಒಂದ್ ಮೊಟ್ಟೆ. ಮೂರನೇ ತಿಂಗ್ಳಲ್ಲಿ ಒಂದಿನ ನಾನು ಊರಿಗೆ ಹೋದಾಗ ಜಗುಲಿ ಮೇಲೆ ಕೂತು ಅವರೆಕಾಯಿ ಸುಲೀತಿದ್ದೋಳು ಮೊರ ಪಕ್ಕಕ್ಕಿಟ್ಟು, ಒಂದ್ ಕೈ ನೆಲಕ್ಕೂರಿ ತಾನೇ ಎದ್ದು ನೀರು ತರೋಕೆ ಒಳಗೆ ಹೋದ್ಲು.

ಹಾರ್ಟ್ ತೊಂದ್ರೆ, ಹೊಸ ಆಪರೇಷನ್, ಮೂಳೆ ಮುರಿತ ಇದ್ರೆ ಮೊದಲು ಡಾಕ್ಟ್ರನ್ನ ಕೇಳಿ ಶುರು ಮಾಡಿ. ವಿಟಮಿನ್ ಡಿ ಕಮ್ಮಿಯಾದ್ರೂ ತೊಡೆ, ಸೊಂಟ ಸೋತು ಏಳೋಕೆ ಕಷ್ಟ ಆಗುತ್ತೆ, ಅದನ್ನೂ ಒಂದ್ಸಲ ಚೆಕ್ ಮಾಡ್ಸಿ.

ಪ್ರಶ್ನೆ: ಯಾವ ಸ್ನಾಯು ನೋವಿಗೆ ತಡ ಮಾಡ್ದೆ ಆಸ್ಪತ್ರೆಗೆ ಹೋಗ್ಬೇಕು?

ತುಂಬಾ ದಂಡ ಬಸ್ಕಿ ಹೊಡೆದ ಮೇಲೆ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ಬಂದ್ರೆ ಅವತ್ತೇ ಹೋಗಿ, ಒಡೆದ ಸ್ನಾಯುವಿನ ಪ್ರೋಟೀನ್ ಕಿಡ್ನಿಗೆ ಕಟ್ಕೊಳ್ತಿದೆ ಅಂತ ಅರ್ಥ. ಒಂದೇ ಮೀನಖಂಡ ಊದ್ಕೊಂಡು ಬಿಸಿಯಾಗಿ ನೋಯ್ತಿದ್ರೆ ರಕ್ತ ಹೆಪ್ಪುಗಟ್ಟಿರ್ಬೋದು, ಅದನ್ನ ತಿಕ್ಕಿಸ್ಲೇಬಾರ್ದು. ಮುಖ ಒಂದು ಕಡೆ ಸೊಟ್ಟ, ಒಂದ್ ಕೈ ಬಲ ಇಲ್ಲ, ಮಾತು ತೊದಲು ಅಂದ್ರೆ ಅದು ಸ್ನಾಯುದಲ್ಲ, ಸ್ಟ್ರೋಕು, ಒಂದ್ ನಿಮಿಷನೂ ತಡ ಮಾಡ್ದೆ 108ಕ್ಕೆ ಫೋನ್ ಮಾಡಿ. ಕೊಲೆಸ್ಟ್ರಾಲ್ ಮಾತ್ರೆ ಶುರು ಮಾಡಿದ ಮೇಲೆ ಮೈ ಪೂರ್ತಿ ಸ್ನಾಯು ನೋವು ಬಂದ್ರೆ ಬರೆದುಕೊಟ್ಟ ಡಾಕ್ಟ್ರಿಗೆ ಹೇಳಿ.

ಪ್ರಶ್ನೆ: ಮುಂದಿನ ವರ್ಷ ಬೆಟ್ಟ ಹತ್ತಿಳಿದ್ರೆ ಮತ್ತೆ ಹಂಗೇ ನೋಯುತ್ತಾ?

ಮಧ್ಯ ಏನೂ ಮಾಡ್ದೇ ಇದ್ರೆ ಹೌದು. ಆದ್ರೆ ಸ್ನಾಯುಗೆ ಒಂದು ಒಳ್ಳೇ ಗುಣ ಇದೆ, ಇಳಿಯೋ ಕೆಲ್ಸಾನ ಒಂದ್ಸಲ ಸ್ವಲ್ಪ ಮಾಡಿದ್ರೂ ಮುಂದಿನ ಕೆಲವು ವಾರ ಅದು ನೆನಪಿಟ್ಕೊಳುತ್ತೆ, ಎರಡನೇ ಸಲ ನೋವು ತುಂಬಾ ಕಮ್ಮಿ. ಅದಕ್ಕೆ ನಾನು ಹೇಳೋದು, ಆಷಾಢಕ್ಕೆ ಎರಡು ವಾರ ಮುಂಚೆ ಒಂದು ಬೆಳಿಗ್ಗೆ ಬಸ್ಸಲ್ಲಿ ಬೆಟ್ಟದ ಮೇಲಕ್ಕೆ ಹೋಗಿ, ದೇವಿ ದರ್ಶನ ಮಾಡ್ಕೊಂಡು, ಅಲ್ಲಿಂದ ನಂದಿವರ್ಗೆ ಇರೋ ಮುನ್ನೂರು ಚಿಲ್ರೆ ಮೆಟ್ಟಿಲು ಮಾತ್ರ ನಿಧಾನಕ್ಕೆ ಇಳೀರಿ. ನಂದಿ ಹತ್ರ ಸ್ವಲ್ಪ ಹೊತ್ತು ಕೂತು, ವಾಪಸ್ ಹತ್ತಿ ಬಸ್ಸಲ್ಲೇ ಮನೆಗೆ ಬನ್ನಿ. ಎರಡು ದಿನ ಸಣ್ಣಗೆ ನೋಯುತ್ತೆ. ಆಮೇಲೆ ಶುಕ್ರವಾರ ಪೂರ್ತಿ ಹತ್ತಿಳಿದು, ಭಾನುವಾರ ಹೆಂಗಿತ್ತು ಅಂತ ಹೇಳಿ.